ರಾತ್ರಿ ಸಿಸ್ಟರ್ ಮನೆಗೆ ಹೋದ ಮೇಲೆ ರೌಂಡ್ಸ್

ನಾನು ಐಸಿಯು ನರ್ಸ್. ನಮ್ಮಲ್ಲಿ ರಾತ್ರಿ ಡ್ಯೂಟಿ ಬೆಳಿಗ್ಗೆ 8ಕ್ಕೆ ಮುಗಿಯುತ್ತದೆ. ಡಾಕ್ಟರುಗಳ ರೌಂಡ್ಸ್ ಶುರುವಾಗುವುದು 9ಕ್ಕೆ. ಹನ್ನೆರಡು ಗಂಟೆ ರೋಗಿಯ ಪಕ್ಕದಲ್ಲೇ ಇದ್ದವಳು ಬಸ್ಸಿನಲ್ಲಿ ತೂಕಡಿಸುತ್ತಿರುವಾಗ ಇಲ್ಲಿ ತೀರ್ಮಾನ ಆಗಿರುತ್ತದೆ.

ಒಂದು ಸಲ ಇದರಿಂದಲೇ ಎಡವಟ್ಟಾಯಿತು. ನ್ಯುಮೋನಿಯಾ ಆಗಿ ವೆಂಟಿಲೇಟರ್ ಮೇಲಿದ್ದ ಅಜ್ಜ. ಆಕ್ಸಿಜನ್ 40 ಪರ್ಸೆಂಟ್, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಮಷಿನ್ ಉಳಿಸುವ ಒತ್ತಡ) 5, ಅಂದರೆ ಮಷಿನ್ ಸಹಾಯ ಕಡಿಮೆಯೇ ಸಾಕಿತ್ತು. ತಾವೇ ಉಸಿರಾಡುವ ಅರ್ಧ ಗಂಟೆಯ ಟ್ರಯಲ್ಲೂ ಪಾಸು. ನಿಮಿಷಕ್ಕೆ 24 ಉಸಿರು, ಒಂದೊಂದು ಉಸಿರು 0.4 ಲೀಟರ್, ಭಾಗಿಸಿದರೆ 60. ಇದು 105ಕ್ಕಿಂತ ಕಡಿಮೆ ಇದ್ದರೆ ಗಂಟಲಿನಲ್ಲಿರುವ ಉಸಿರಿನ ಟ್ಯೂಬ್ ತೆಗೆಯುವ ಧೈರ್ಯ ಬರುತ್ತದೆ. ತೆಗೆದರು. ಆದರೆ ಆ ಲೆಕ್ಕದಲ್ಲಿ ಕಫ ಎಲ್ಲಿದೆ? ಟ್ಯೂಬ್ ತೆಗೆದ ಮೇಲೆ ಅದನ್ನು ರೋಗಿ ತಾನೇ ಕೆಮ್ಮಿ ಹೊರಹಾಕಬೇಕು. ರಾತ್ರಿಯಿಡೀ ಸಕ್ಷನ್ ಮಾಡಿ ಆ ಕಫ ಎಳೆದು ತೆಗೆದವಳು ನಾನು. ಹ್ಯಾಂಡೋವರ್‌ನಲ್ಲಿ ಬೆಳಗಿನ ಸಿಸ್ಟರಿಗೆ ‘ಸೆಕ್ರೀಷನ್ (ಕಫ) ಸ್ವಲ್ಪ ಜಾಸ್ತಿ’ ಅಂದು ಹೊರಟಿದ್ದೆ. ರಾತ್ರಿ ಡ್ಯೂಟಿಗೆ ಬಂದರೆ ಅಜ್ಜನಿಗೆ ಮತ್ತೆ ಟ್ಯೂಬ್ ಹಾಕಿದ್ದರು.

ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಸ್ವಲ್ಪ ಜಾಸ್ತಿ ಅಂದರೆ ಎಷ್ಟು? ಅದನ್ನು ಕೇಳಿ ಯಾರು ತಾನೇ ಏನು ಮಾಡಬೇಕು?

ಅಂದಿನಿಂದ ಚಾರ್ಟಿಗೆ ಒಂದು ಚೀಟಿ ಸಿಕ್ಕಿಸತೊಡಗಿದೆ. ಎಷ್ಟು ಸಲ ಸಕ್ಷನ್, ಕಫ ತೆಳುವೋ ಗಟ್ಟಿಯೋ, ಕಫ ಎಳೆಯುವ ಕ್ಯಾತಿಟರ್ ಹಾಕಿದಾಗ ಕೆಮ್ಮಿದರೋ ಇಲ್ಲವೋ. ಕೊನೆಗೆ ನನಗೆ ಏನನ್ನಿಸುತ್ತದೆ ಅಂತ ಒಂದು ಸಾಲು. ಆ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ‘ನಾವ್ಯಾಕೆ ಹೇಳೋದು, ಡಾಕ್ಟರ್ ಇದ್ದಾರಲ್ಲ’ ಎಂದೇ ಕಲಿತು ಬಂದವರು ನಾವು, ಅಲ್ವಾ?

ಇನ್ನೊಬ್ಬ ರೋಗಿಗೆ ಹೀಗೆ ಬರೆದಿದ್ದೆ: ‘10 ಗಂಟೆಯಲ್ಲಿ 9 ಸಲ. ಗಟ್ಟಿ. ಕೆಮ್ಮು ಇಲ್ಲ. ಇವತ್ತು ಟ್ಯೂಬ್ ತೆಗೆಯುವುದು ಬೇಡ ಅನ್ನಿಸುತ್ತದೆ.’ ರೌಂಡ್ಸಿನಿಂದಲೇ ಫೋನ್ ಬಂತು. ‘ಸಿಸ್ಟರ್, ಕೆಮ್ಮು ಸ್ವಲ್ಪಾನೂ ಇಲ್ವಾ?’ ‘ಇಲ್ಲ ಸರ್.’ ಎರಡು ದಿನ ಫಿಸಿಯೋ ಮಾಡಿಸಿ ಆಮೇಲೆ ತೆಗೆದರು. ಮತ್ತೆ ಹಾಕಬೇಕಾಗಲಿಲ್ಲ.

ಹಾಗಂತ ಪ್ರತಿ ಸಲ ನಾನೇ ಸರಿ ಅಂತಲ್ಲ. ಒಬ್ಬರು ರಾತ್ರಿ ತುಂಬಾ ಚಡಪಡಿಸುತ್ತಿದ್ದರು. ನಿದ್ದೆ ಬರಿಸುವ ಮಿಡಜೋಲಮ್ ಜಾಸ್ತಿ ಮಾಡೋಣ ಅಂದೆ. ಡ್ಯೂಟಿ ಡಾಕ್ಟರ್ ಮೇಡಂ ಒಪ್ಪಲಿಲ್ಲ. ಆ ಔಷಧಿ ಹೆಚ್ಚಾದರೆ ಡೆಲಿರಿಯಂ (ಗೊಂದಲ, ಭ್ರಮೆ) ಹೆಚ್ಚಬಹುದು, ವೆಂಟಿಲೇಟರ್ ಬಿಡಿಸುವುದೂ ತಡ ಆಗುತ್ತದೆ, ಮೊದಲು ನೋವು, ಮೂತ್ರ ನೋಡೋಣ ಎಂದರು. ನೋಡಿದರೆ ಮೂತ್ರದ ಟ್ಯೂಬು ತೊಡೆಯ ಕೆಳಗೆ ಮಡಚಿಕೊಂಡಿತ್ತು! ಸರಿಮಾಡಿದ ಸ್ವಲ್ಪ ಹೊತ್ತಿಗೆ ಸುಮ್ನೆ ಮಲಗಿದರು. ಅದು ನನಗೇ ಕಾಣಬೇಕಿತ್ತು.

ಈಗ ಆ ಮೇಡಂ ಡ್ಯೂಟಿ ಇದ್ದ ದಿನ 7.30ಕ್ಕೇ ಬೆಡ್ ಹತ್ತಿರ ಬಂದು ಹ್ಯಾಂಡೋವರ್ ಕೇಳಿಸಿಕೊಳ್ಳುತ್ತಾರೆ. ಉಳಿದವರು 9ಕ್ಕೇ ಬರುತ್ತಾರೆ. ಅವರಿಗಾಗಿ ಚೀಟಿ ಇದೆ.