ಲಾನ್ ಕಳೆ: ಯಾವುದಕ್ಕೆ ಮಷಿನ್, ಯಾವುದಕ್ಕೆ ಕೈ

ಮೈಸೂರಿನ ನಮ್ಮ ಮನೆ ಮುಂದೆ ಗರಿಕೆ ಲಾನ್ ಇದೆ. ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಮಕ್ಕಳು ಅದರ ಮೇಲೇ ಹೊರಳಾಡುವುದರಿಂದ ಕಳೆನಾಶಕ ಹೊಡೆಯುವುದಿಲ್ಲ. ಯಾವುದೇ ಕಳೆ ಕಂಡರೂ ಮೊದಲು ಬಗ್ಗಿ ನೋಡುವುದು ಒಂದೇ ವಿಷಯ: ಇದು ಮತ್ತೆ ಚಿಗುರುವ ಜಾಗ ಎಲ್ಲಿದೆ? ಮಷಿನ್ ಬ್ಲೇಡಿನ ಮೇಲೋ, ಕೆಳಗೋ, ಮಣ್ಣಿನೊಳಗೋ?

ಅಣ್ಣೆ ಸೊಪ್ಪು, ಕಾಡು ದಂಟು ನೆಟ್ಟಗೆ ಬೆಳೆಯುತ್ತವೆ. ಬೀಜ ಕಟ್ಟುವ ಮೊದಲೇ ತಲೆ ಹಾರಿಸುತ್ತಾ ಬಂದರೆ ಸೋಲುತ್ತವೆ. ಇವುಗಳ ಬಗ್ಗೆ ನಾನು ಚಿಂತೆ ಮಾಡುವುದಿಲ್ಲ.

ಹುಳಿಸೊಪ್ಪಿನ ಕಥೆ ಬೇರೆ. ಅದು ನೆಲಕ್ಕೆ ಅಂಟಿಕೊಂಡು ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಬ್ಲೇಡಿನ ಕೆಳಗೇ ಹೂ, ಕಾಯಿ ಎಲ್ಲ ಮುಗಿಸುತ್ತದೆ. ಕಾಯಿ ಸಿಡಿದರೆ ಬೀಜ ದೂರ ಹಾರುತ್ತದೆ. ಹುಲ್ಲನ್ನು ತೀರಾ ಬೋಳಾಗಿ ಕತ್ತರಿಸಿದರೆ ಇದಕ್ಕೆ ಬಿಸಿಲೂ ಜಾಗವೂ ನಾವೇ ಕೊಟ್ಟ ಹಾಗೆ, ಅಲ್ವಾ? ಅದಕ್ಕೇ ನಾನು ಮಷಿನ್ ಎತ್ತರವನ್ನು ಒಂದೂವರೆ ಇಂಚಿಗೆ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಮೇಲೆ. ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯುವುದಿಲ್ಲ. ಗರಿಕೆ ದಟ್ಟವಾದ ಕಡೆ ಹುಳಿಸೊಪ್ಪು ತಾನಾಗಿ ಕಡಿಮೆಯಾಯಿತು.

ಗೇಟಿನ ಹತ್ತಿರ, ಸ್ಕೂಟರ್ ತಿರುಗಿಸುವಲ್ಲಿ, ರಾಗಿ ತೆನೆಯಂಥ ತೆನೆ ಬಿಡುವ ಒರಟು ಹುಲ್ಲು ಬರುತ್ತಿತ್ತು. ಅದು ರಾಗಿಯ ಹತ್ತಿರದ ಸಂಬಂಧಿಯೇ. ತುಳಿದಷ್ಟೂ ಚಪ್ಪಟೆಯಾಗಿ ಹರಡುತ್ತದೆ. ಗರಿಕೆಯ ಬೇರು ಇಳಿಯದ ಗಟ್ಟಿ ನೆಲದಲ್ಲೂ ಅದು ನಿಲ್ಲುತ್ತದೆ. ಆ ಜಾಗವನ್ನು ಸಲಾಕೆಯಿಂದ ಚುಚ್ಚಿ ಸಡಿಲ ಮಾಡಿ, ಗೊಬ್ಬರ ಉದುರಿಸಿ, ಗರಿಕೆ ಬಳ್ಳಿ ನೆಟ್ಟೆ. ಓಡಾಡಲು ಚಪ್ಪಡಿ ಕಲ್ಲು ಹಾಕಿಸಿದೆ.

ಪಾರ್ಥೇನಿಯಂ ಸಸಿಯನ್ನು ಮಾತ್ರ ಮಷಿನ್‌ಗೆ ಬಿಡಲೇಬೇಡಿ. ಮೇಲೆ ಕತ್ತರಿಸಿದರೆ ಬುಡದಿಂದ ಕವಲೊಡೆದು ಗಿಡ್ಡವಾಗಿಯೇ ಹೂ ಬಿಡುತ್ತದೆ. ಮಳೆ ಬಂದ ಮೇಲೆ, ಹೂವಿಗೆ ಮೊದಲು, ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕೀಳುತ್ತೇನೆ. ಕೆಲವರಿಗೆ ಇದು ತಾಗಿದರೆ ಚರ್ಮ ಉರಿದು ಕೆರೆತ ಬರುತ್ತದೆ.

ನನ್ನನ್ನು ಜಾಸ್ತಿ ದುಡಿಸಿದ್ದು ಕೊನ್ನಾರಿ ಗಡ್ಡೆ. ಕತ್ತರಿಸಿದ ಕೆಲವೇ ದಿನಕ್ಕೆ ಗರಿಕೆಗಿಂತ ಮೇಲೆ ನಿಂತಿರುತ್ತದೆ. ಮಣ್ಣಿನೊಳಗೆ ಗಡ್ಡೆಗಳು ಸರಪಳಿಯಾಗಿರುತ್ತವೆ. ಒಂದು ಚಿಗುರಿದಾಗ ಉಳಿದವು ಸುಮ್ನೆ ಮಲಗಿರುತ್ತವೆ. ಅಗೆದು ಸರಪಳಿ ಮುರಿದರೆ ಮಲಗಿದ್ದವೂ ಏಳುತ್ತವೆ. ಹಾಗಾಗಿ ಹುಲ್ಲಿನ ನಡುವೆ ಅಗೆಯುವುದಿಲ್ಲ. ಮೂರ್ನಾಲ್ಕು ಎಲೆ ಬರುತ್ತಿದ್ದ ಹಾಗೆ, ಹೊಸ ಗಡ್ಡೆ ಕಟ್ಟುವ ಮೊದಲು, ಬುಡಕ್ಕೆ ಸಲಾಕೆ ಹಾಕಿ ಎಬ್ಬಿಸುತ್ತೇನೆ. ಮತ್ತೆ ಬರುತ್ತದೆ, ಮತ್ತೆ ಕೀಳುತ್ತೇನೆ. ಪ್ರತಿ ಚಿಗುರಿಗೂ ಗಡ್ಡೆಯ ಆಹಾರ ಖರ್ಚಾಗುತ್ತದೆ. ವರ್ಷ ಕಳೆದಂತೆ ಚಿಗುರು ಸಣ್ಣದಾಗುವುದನ್ನು ಕಣ್ಣಾರೆ ನೋಡಿದೆ.

ಹುಲ್ಲಿಲ್ಲದ ಮೂಲೆಯಲ್ಲಿ ಮಾತ್ರ ಬೇಸಿಗೆಯಲ್ಲಿ ಮಣ್ಣು ತಿರುವಿ, ನೀರು ಹಾಕುವುದನ್ನು ನಿಲ್ಲಿಸಿ, ಗಡ್ಡೆಗಳನ್ನು ಬಿಸಿಲಿಗೆ ಒಣಗಲು ಬಿಟ್ಟೆ. ಪೂರ್ತಿ ಒಣಗಿದ ಗಡ್ಡೆ ಮತ್ತೆ ಮೊಳೆಯುವುದಿಲ್ಲ. ನೆರಳೂ ಕೊನ್ನಾರಿಗೆ ಆಗುವುದಿಲ್ಲ, ಹಾಗಾಗಿ ದಟ್ಟ ಗರಿಕೆ ಇಲ್ಲೂ ನೆರವಾಗುತ್ತದೆ. ಹೊರಗಿನಿಂದ ಕೆಂಪು ಮಣ್ಣು ತರಿಸಿದರೆ ಈಗ ಜರಡಿ ಹಿಡಿದೇ ಲಾನಿಗೆ ಹಾಕುತ್ತೇನೆ. ಅದರ ಜೊತೆಗೇ ಗಡ್ಡೆ ಬರುವುದು ಜಾಸ್ತಿ.