ಬಾಗಿಲಿಗೆ ನೋಟಿಸು ಅಂಟಿಸಿದರೆ ಗಾಬರಿ ಬೇಡ: ಅಮೆರಿಕಕ್ಕೆ ಹೊರಟ ನಮ್ಮ ಜಿಲ್ಲೆಯವರಿಗೆ

ಮಳೆಗಾಲದಲ್ಲಿ ನಾನು ಕುಮಟೆಗೆ ಬಂದಾಗಲೆಲ್ಲ ಮನೆಗೆ ಹೊಸಬರು ಬರುತ್ತಾರೆ. ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಕಾಲೇಜು ಶುರು ಅಂತ ಹೊರಟ ಮಕ್ಕಳು, ಜೊತೆಗೆ ಅವರ ಅಪ್ಪ ಅಮ್ಮ. ಶಿರಸಿ, ಅಂಕೋಲಾ, ಕಾರವಾರ ಕಡೆಯಿಂದಲೂ ಬರುತ್ತಾರೆ. ವೀಸಾ, ಬ್ಯಾಂಕು, ಚಳಿಯ ಬಟ್ಟೆ, ಅಪ್ಪೆಮಿಡಿ ಉಪ್ಪಿನಕಾಯಿ ಎಷ್ಟು ಒಯ್ಯಬಹುದು, ಎಲ್ಲ ಕೇಳುತ್ತಾರೆ. ಅಲ್ಲಿ ಮನೆ, ಅಂಗಳ ಹೇಗಿಟ್ಟುಕೊಳ್ಳಬೇಕು ಅನ್ನೋದಕ್ಕೂ ಕಾನೂನಿದೆ ಅಂತ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಹೋಗಿ ಆರು ತಿಂಗಳಿಗೆ ಬಾಗಿಲ ಮೇಲೆ ನೋಟಿಸು ನೋಡಿದಾಗ ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದಕ್ಕಿಂತ ಬೇಸರದ ಮಾತು ಇನ್ನೊಂದಿದೆ. ಚಳಿಗಾಲದಲ್ಲಿ ಹೀಟರ್ ಕೆಟ್ಟ ಮನೆಯಲ್ಲಿ, ಮಾಲೀಕನ ಮೇಲೆ ದೂರು ಕೊಟ್ಟರೆ ವೀಸಾಕ್ಕೇ ಕುತ್ತು ಅಂತ ಹೆದರಿ ನಡುಗುತ್ತಾ ಮಲಗುವವರೂ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಯಾರ ಕೆಲಸ ಅಂತ ತಿಳಿಯಿರಿ. ನಮ್ಮಲ್ಲಿ ಕಾರವಾರಕ್ಕೆ, ಶಿರಸಿಗೆ ನಗರಸಭೆ ಇದ್ದ ಹಾಗೆ ಅಲ್ಲಿ ಹೆಚ್ಚಿನ ಊರುಗಳಿಗೆ ಸಿಟಿ ಸರ್ಕಾರ ಇರುತ್ತದೆ. ಆ ಊರಿನ ನಿಯಮಗಳ ಪುಸ್ತಕಕ್ಕೆ ಕೋಡ್ ಅನ್ನುತ್ತಾರೆ. ಅದನ್ನು ಜಾರಿ ಮಾಡಲು ಬೇರೆಯೇ ಇಲಾಖೆ, ಬೇರೆಯೇ ಇನ್ಸ್‌ಪೆಕ್ಟರುಗಳು. ಕೆಲವು ಊರಲ್ಲಿ ಕೋಡ್ ಎನ್‌ಫೋರ್ಸ್‌ಮೆಂಟ್ ಅಂತ ಬೋರ್ಡು, ಡಲ್ಲಾಸ್‌ನಲ್ಲಿ ಕೋಡ್ ಕಂಪ್ಲಯನ್ಸ್. ಇವರು ಪೊಲೀಸರಲ್ಲ. ಹುಲ್ಲು, ಕಸ, ಕೆಟ್ಟು ನಿಂತ ಗಾಡಿ, ಪರ್ಮಿಟ್ ಇಲ್ಲದೆ ಕಟ್ಟಿದ ಗೋಡೆ, ನಿಂತ ನೀರಿನಲ್ಲಿ ಸೊಳ್ಳೆ, ಬಾಡಿಗೆ ಮನೆಯ ಸೋರುವ ಮಾಡು, ಇವೆಲ್ಲ ಇವರ ವ್ಯಾಪ್ತಿಗೆ ಬರುತ್ತವೆ. ಪಕ್ಕದ ಮನೆಯ ಪಾರ್ಟಿ ಗದ್ದಲ ಸಾಮಾನ್ಯವಾಗಿ ಪೊಲೀಸರ ತುರ್ತಲ್ಲದ ನಂಬರಿಗೆ ಹೋಗುತ್ತದೆ.

ಎಚ್‌ಓಎ ಅಂತ ಇನ್ನೊಂದು ಇದೆ. ಬಡಾವಣೆಯ ಮನೆ ಮಾಲೀಕರ ಸಂಘ ಅದು. ಗೋಡೆಗೆ ಯಾವ ಬಣ್ಣ, ಕಸದ ಡಬ್ಬ ಎಲ್ಲಿಡಬೇಕು ಅಂತ ಅವರದ್ದೇ ನಿಯಮ, ಅವರದ್ದೇ ದಂಡ. ಸಿಟಿಗೂ ಅದಕ್ಕೂ ಸಂಬಂಧ ಇಲ್ಲ. ಕಾಗದ ಬಂದಾಗ ಮೇಲ್ಗಡೆ ಸಿಟಿಯ ಮುದ್ರೆ ಇದೆಯೋ, ಸಂಘದ ಹೆಸರಿದೆಯೋ ನೋಡಿಕೊಳ್ಳಿ.

ನಮ್ಮ ಕಡೆಯವರು ಸಿಕ್ಕಿಬೀಳುವುದು ಕೆಟ್ಟ ಉದ್ದೇಶದಿಂದಲ್ಲ, ಊರಿನ ರೂಢಿಯಿಂದ. ಘಟ್ಟದ ಮೇಲೆ ದರಕು ಗುಡಿಸಿ ಅಂಗಳದ ಮೂಲೆಯಲ್ಲಿ ಬೆಂಕಿ ಹಚ್ಚುತ್ತೇವೆ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಎಷ್ಟೋ ಊರುಗಳಲ್ಲಿ ಬಯಲಲ್ಲಿ ಎಲೆ ಸುಡುವಂತಿಲ್ಲ. ಮೇ ಕೊನೆಯಲ್ಲಿ ಮೇಸ್ತ್ರಿ ಕರೆದು ಅಂಗಳಕ್ಕೆ ಶೀಟು ಹೊದೆಸುವುದು ನಮಗೆ ಎರಡು ದಿನದ ಕೆಲಸ. ಅಲ್ಲಿ ಗರಾಜನ್ನು ಕೋಣೆ ಮಾಡಿದರೂ, ಹಿಂದೆ ಚಾವಣಿ ಇಳಿಸಿದರೂ ಪರ್ಮಿಟ್ ಬೇಕು. ಹೆಚ್ಚಿನ ಊರುಗಳಲ್ಲಿ ನೀರು ಕಾಯಿಸುವ ಹೀಟರ್ ಬದಲಿಸಲಿಕ್ಕೂ ಬೇಕು. ಮುಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದನ್ನೂ ಬಹಳ ಊರು ಒಪ್ಪುವುದಿಲ್ಲ. ಡಲ್ಲಾಸ್, ಆಸ್ಟಿನ್‌ನಲ್ಲಿ ಹುಲ್ಲು 12 ಇಂಚು ದಾಟಿದರೆ ಅದು ಉಲ್ಲಂಘನೆ. ಬಾಸ್ಟನ್‌ನಲ್ಲಿ ಹಿಮ ಬಿದ್ದು ನಿಂತ 3 ಗಂಟೆಯೊಳಗೆ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಸಬೇಕು. ರಾತ್ರಿ ಬಿದ್ದರೆ ಸೂರ್ಯ ಹುಟ್ಟಿ 3 ಗಂಟೆಯೊಳಗೆ.

ಓದಲು ಹೋಗುವ ಮಕ್ಕಳು ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬಾಡಿಗೆ ಉಳಿಸಲು ಒಂದು ಮನೆಯಲ್ಲಿ ಏಳೆಂಟು ಜನ ಸೇರುವುದು, ಬೇಸ್‌ಮೆಂಟಿನಲ್ಲಿ ಹಾಸಿಗೆ ಹಾಕುವುದು ನಡೆಯುತ್ತದೆ. ಹಲವು ಊರುಗಳು ಮಾದರಿಯಾಗಿ ಇಟ್ಟುಕೊಂಡ ಅಂತಾರಾಷ್ಟ್ರೀಯ ಪ್ರಾಪರ್ಟಿ ಮೇಂಟೆನೆನ್ಸ್ ಕೋಡ್ ಪ್ರಕಾರ ಮಲಗುವ ಕೋಣೆ ಕನಿಷ್ಠ 70 ಚದರ ಅಡಿ ಇರಬೇಕು. ಒಬ್ಬರಿಗಿಂತ ಹೆಚ್ಚು ಜನ ಮಲಗಿದರೆ ತಲೆಗೆ 50 ಚದರ ಅಡಿಯಾದರೂ ಬೇಕು. ಬೇಸ್‌ಮೆಂಟಿನಲ್ಲಿ ಮಲಗುವುದಾದರೆ ಬೆಂಕಿ ಬಿದ್ದಾಗ ಮನುಷ್ಯ ಹೊರಗೆ ಬರುವಷ್ಟು ದೊಡ್ಡ ಕಿಟಕಿಯೋ ಬಾಗಿಲೋ ಇರಬೇಕು. ಹೊಗೆ ಕಂಡರೆ ಕೂಗುವ ಅಲಾರ್ಮ್ ಇರಬೇಕು. ಇದು ಸುಮ್ನೆ ಕಾಗದದ ನಿಯಮ ಅಂದುಕೊಳ್ಳಬೇಡಿ. ಆ ಮನೆಗಳು ಮರದ ಚೌಕಟ್ಟಿನವು, ಬೆಂಕಿ ಬೇಗ ಹಬ್ಬುತ್ತದೆ.

ಈಗ ನೋಟಿಸಿನ ವಿಷಯ. ಯಾರೋ ದೂರು ಕೊಟ್ಟಿರುತ್ತಾರೆ, ಇಲ್ಲವೇ ಇನ್ಸ್‌ಪೆಕ್ಟರೇ ಬೀದಿಯಲ್ಲಿ ಹೋಗುವಾಗ ನೋಡಿರುತ್ತಾರೆ. ಫೋಟೋ ತೆಗೆದು, ಬಾಗಿಲಿಗೆ ಕಾಗದ ಅಂಟಿಸಿ ಅಥವಾ ಅಂಚೆಯಲ್ಲಿ ಕಳಿಸಿ ಹೋಗುತ್ತಾರೆ. ಅದರಲ್ಲಿ ಕೇಸ್ ನಂಬರ್, ವಿಳಾಸ, ಕೋಡಿನ ಯಾವ ಕಲಮು, ಏನು ಸರಿಮಾಡಬೇಕು, ಯಾವ ತಾರೀಖಿನೊಳಗೆ, ಆಫೀಸರ ಹೆಸರು, ಫೋನ್ ನಂಬರ್, ಎಲ್ಲ ಇರುತ್ತದೆ. ಈ ಎಲ್ಲದರಲ್ಲಿ ಮುಖ್ಯವಾದದ್ದು ತಾರೀಖು. ಹುಲ್ಲು, ಕಸಕ್ಕೆ ಸಾಮಾನ್ಯವಾಗಿ ಕಡಿಮೆ ದಿನ ಕೊಡುತ್ತಾರೆ, ಮಾಡು, ಗೋಡೆ ರಿಪೇರಿಗೆ ಜಾಸ್ತಿ.

ಸಿದ್ದಾಪುರ ಕಡೆಯ ಹುಡುಗನೊಬ್ಬ ಹೀಗೇ ಫೋನ್ ಮಾಡಿದ್ದ. ಹಳೇ ಕಾರು ಕೊಂಡಿದ್ದ, ಅದು ಕೆಟ್ಟು ಮನೆ ಮುಂದೆ ನಿಂತಿತ್ತು, ರಿಜಿಸ್ಟ್ರೇಶನ್ನೂ ಮುಗಿದಿತ್ತು.

"ಅಕ್ಕಾ, ಕೇಸ್ ನಂಬರ್ ಅಂತ ಬರೆದಿದ್ದಾರೆ. ನನ್ ಮೇಲೆ ಕೇಸ್ ಹಾಕಿದ್ರಾ?"

"ಮೊದಲು ತಾರೀಖು ಓದು ತಮ್ಮಾ."

"ಹತ್ತು ದಿನ ಇದೆ."

"ಹಾಗಾದ್ರೆ ಬೆಳಿಗ್ಗೆ ಅದರಲ್ಲಿರೋ ನಂಬರಿಗೆ ಫೋನ್ ಮಾಡು. ಬಿಡಿಭಾಗ ಆರ್ಡರ್ ಮಾಡಿದ ರಸೀದಿ ಇದೆಯಲ್ವಾ, ಅದನ್ನ ಮೇಲ್ ಮಾಡ್ತೇನೆ ಅನ್ನು."

ಮಾಡಿದ. ಆಫೀಸರು ಇನ್ನೂ ಎರಡು ವಾರ ಸಮಯ ಕೊಟ್ಟರು. ಕಾರು ರಿಪೇರಿಯಾಯಿತು, ಅವರು ಬಂದು ನೋಡಿ ಕೇಸ್ ಮುಚ್ಚಿದರು, ಒಂದು ಡಾಲರ್ ದಂಡವಿಲ್ಲ. ಈ ಇಲಾಖೆಗೆ ಬೇಕಾದದ್ದು ಜಾಗ ಸರಿಯಾಗುವುದು. ತಾರೀಖಿಗೆ ಮೊದಲು ಮಾತಾಡಿದವರಿಗೆ ಅವರು ಹೆಚ್ಚಾಗಿ ದಾರಿ ಮಾಡಿಕೊಡುತ್ತಾರೆ. ಸರಿ ಮಾಡಿದ ಮೇಲೆ ನೀವೂ ಫೋಟೋ ತೆಗೆದು ಕಳಿಸಿ, ಮರುತಪಾಸಣೆ ಬೇಗ ಮುಗಿಯುತ್ತದೆ. ನೋಟಿಸೇ ತಪ್ಪು ಅನಿಸಿದರೆ ಮೇಲ್ಮನವಿಗೂ ದಾರಿ ಇದೆ. ಅದಕ್ಕೂ ಗಡುವಿರುತ್ತದೆ, ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಹುಡುಕಿ.

ಸುಮ್ಮನೆ ಕೂತರೆ ಮಾತ್ರ ಕಷ್ಟ. ಮುಂದಿನ ಹಂತ ಸೈಟೇಶನ್, ಅಂದರೆ ದಂಡ. ಟೆಕ್ಸಸ್‌ನಲ್ಲಿ ಇದು ಮುನಿಸಿಪಲ್ ಕೋರ್ಟಿಗೆ ಹೋಗುತ್ತದೆ, ಅಲ್ಲಿನ ತಾರೀಖು ತಪ್ಪಿಸಿದರೆ ವಾರಂಟ್ ಹೊರಡಬಹುದು. ವೀಸಾ ಮೇಲಿರುವವರು ಅಷ್ಟು ದೂರ ಬಿಡಲೇಬಾರದು. ಹುಲ್ಲು, ಕಸದ ವಿಷಯವಾದರೆ ಸಿಟಿಯೇ ಜನ ಕಳಿಸಿ ಶುಚಿ ಮಾಡಿಸಿ ಬಿಲ್ಲು ಹಾಕುತ್ತದೆ. ಕಟ್ಟದಿದ್ದರೆ ನಮ್ಮಲ್ಲಿ ಪಹಣಿಯಲ್ಲಿ ಬೋಜಾ ಕೂರುವ ಹಾಗೆ ಆ ಮನೆಯ ಮೇಲೆ ಲೀನ್ ಕೂರುತ್ತದೆ. ಅದು ತೀರುವ ತನಕ ಮನೆ ಮಾರುವುದು ಕಷ್ಟ.

ಫ್ಲೋರಿಡಾದ ಡನಿಡಿನ್ ಊರಿನ ಪ್ರಕರಣ ಮನೆ ಕೊಂಡವರೆಲ್ಲ ತಿಳಿದಿರಬೇಕು. 2018ರಲ್ಲಿ ಅಲ್ಲೊಬ್ಬ ಮನೆ ಮಾಲೀಕರು ತೀರಿಕೊಂಡ ತಾಯಿಯ ಆಸ್ತಿ ವ್ಯವಹಾರಕ್ಕೆ ಬೇರೆ ರಾಜ್ಯಕ್ಕೆ ಹೋಗಿದ್ದರು. ಹುಲ್ಲು ಕತ್ತರಿಸಲು ಗೊತ್ತು ಮಾಡಿದ್ದ ವ್ಯಕ್ತಿ ಆ ಹೊತ್ತಿಗೇ ತೀರಿಕೊಂಡ. ಹುಲ್ಲು ಬೆಳೆಯಿತು. ಮೊದಲೂ ಇದೇ ತಪ್ಪು ದಾಖಲಾಗಿದ್ದರಿಂದ ದಿನಕ್ಕೆ 500 ಡಾಲರ್ ದಂಡ ಬಿತ್ತು. ಲೆಕ್ಕ 30,000 ಡಾಲರ್ ಹತ್ತಿರ ಹೋಯಿತು. ಮನೆಯನ್ನೇ ಜಪ್ತಿ ಮಾಡಲು ಸಿಟಿ ಮುಂದಾಯಿತು. 2021ರಲ್ಲಿ ಫೆಡರಲ್ ಕೋರ್ಟೂ ಸಿಟಿಯ ಪರವಾಗಿಯೇ ತೀರ್ಪು ಕೊಟ್ಟಿತು. ಇದು ನ್ಯಾಯವಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ನಾವು ಊರಿಗೆ ಬಂದರೆ ಒಂದೂವರೆ ಎರಡು ತಿಂಗಳು ಇರುವವರು. ಮಾರಿಜಾತ್ರೆಗೋ, ಅಪ್ಪನ ಆಪರೇಶನ್ನಿಗೋ ಹೊರಡುವಾಗ ಹುಲ್ಲು ಕತ್ತರಿಸಲು ಒಬ್ಬರನ್ನು ಗೊತ್ತು ಮಾಡಿದರೆ ಸಾಲದು. ವಾರಕ್ಕೊಮ್ಮೆ ಬಂದು ಬಾಗಿಲು, ಅಂಚೆ ಡಬ್ಬ ನೋಡಿ ನಿಮಗೆ ಫೋಟೋ ಕಳಿಸುವ ಇನ್ನೊಬ್ಬರೂ ಬೇಕು.

ಇನ್ಸ್‌ಪೆಕ್ಟರು ಬಂದರೆ ಒಳಗೆ ಬಿಡಲೇಬೇಕಾ ಅಂತ ಕೇಳುತ್ತಾರೆ. ಬೀದಿಯಿಂದ ಕಾಣುವುದನ್ನು ಅವರು ನೋಡಬಹುದು. ಮನೆಯೊಳಗೆ ಬರಲು ನಿಮ್ಮ ಒಪ್ಪಿಗೆ ಬೇಕು, ಇಲ್ಲವೇ ವಾರಂಟ್ ಬೇಕು. ತುರ್ತು ಅಪಾಯ ಇದ್ದರೆ ಬೇರೆ ಮಾತು. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಬಾಡಿಗೆದಾರರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತಿದು. ಮರ್ಯಾದೆಯಿಂದ ಮಾತಾಡಿ, ಗುರುತಿನ ಚೀಟಿ ಕೇಳಿ ನೋಡಿ. ಒಳಗೆ ಕರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ಇನ್ನು ನೀವೇ ದೂರು ಕೊಡುವ ವಿಷಯ. ಬಾಡಿಗೆ ಮನೆಯಲ್ಲಿ ಹೀಟರ್ ಇಲ್ಲ, ಬೂಸ್ಟು ಹಿಡಿದ ಗೋಡೆ, ಇಲಿ, ಬಿಸಿನೀರಿಲ್ಲ, ಇವನ್ನೆಲ್ಲ ಸಹಿಸಿಕೊಂಡು ಇರಬೇಕಾಗಿಲ್ಲ. ನ್ಯೂಯಾರ್ಕ್ ಸಿಟಿಯಲ್ಲಿ ಅಕ್ಟೋಬರ್ 1ರಿಂದ ಮೇ 31ರ ತನಕ ಹೀಟಿಂಗ್ ಸೀಸನ್. ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಮನೆಯೊಳಗೆ 68 ಡಿಗ್ರಿಯಾದರೂ ಇರಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಎಷ್ಟೇ ಇರಲಿ, ಒಳಗೆ 62 ಇರಬೇಕು. ಅಷ್ಟು ಬಿಸಿ ಕೊಡುವುದು ಮಾಲೀಕನ ಕರ್ತವ್ಯ. ಒಂದು ಸಣ್ಣ ಥರ್ಮಾಮೀಟರ್ ತಂದಿಟ್ಟು, ಗಂಟೆ, ಡಿಗ್ರಿ ಬರೆದಿಡಿ.

ಮೊದಲು ಮಾಲೀಕನಿಗೆ ಬರಹದಲ್ಲಿ ತಿಳಿಸಿ. ಫೋನಿನಲ್ಲಿ ಹೇಳಿದರೆ ಆಮೇಲೆ ಸಾಕ್ಷಿ ಇರುವುದಿಲ್ಲ. ತಕ್ಕಷ್ಟು ದಿನದಲ್ಲಿ ರಿಪೇರಿ ಆಗದಿದ್ದರೆ ಸಿಟಿಗೆ ದೂರು ಕೊಡಿ. ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಬಾಡಿಗೆ ತಡೆದರೆ ನಿಮ್ಮ ಕೈಯೇ ಸೋಲುತ್ತದೆ, ಟೆಕ್ಸಸ್‌ನಲ್ಲಂತೂ ಬಾಕಿ ಇದ್ದವರಿಗೆ ರಿಪೇರಿ ಕೇಳುವ ಹಕ್ಕೇ ತೆಳುವಾಗುತ್ತದೆ. ದೂರು ಕೊಟ್ಟದ್ದಕ್ಕೆ ಸೇಡು ತೀರಿಸಲು ಮನೆ ಬಿಡಿಸುವುದು, ಬಾಡಿಗೆ ಏರಿಸುವುದು ಅಲ್ಲಿ ಬಹಳ ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ. ಟೆಕ್ಸಸ್‌ನಲ್ಲಿ ಆ ರಕ್ಷಣೆ ದೂರು ಕೊಟ್ಟ ಮೇಲೆ 6 ತಿಂಗಳು, ಕ್ಯಾಲಿಫೋರ್ನಿಯಾದಲ್ಲಿ 180 ದಿನ. ನಿನ್ನ ವೀಸಾ ವಿಷಯ ಅಧಿಕಾರಿಗಳಿಗೆ ಹೇಳುತ್ತೇನೆ ಅಂತ ಮಾಲೀಕ ಹೆದರಿಸುವುದನ್ನೂ ಕ್ಯಾಲಿಫೋರ್ನಿಯಾ 2018ರಿಂದ ನಿಷೇಧಿಸಿದೆ. ಹೀಟರ್ ದೂರಿಗೆ ಬಂದ ಇನ್ಸ್‌ಪೆಕ್ಟರು ನೋಡುವುದು ಹೀಟರನ್ನು, ನಿಮ್ಮ ಪಾಸ್‌ಪೋರ್ಟನ್ನಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಮಕ್ಕಳು ನಂಬುವುದಿಲ್ಲ, ದಯವಿಟ್ಟು ನಂಬಿ.

ದೂರು ಕೊಡುವ ನಂಬರು ದೊಡ್ಡ ಊರುಗಳಲ್ಲಿ 311. ಬಾಲ್ಟಿಮೋರ್ 1996ರಲ್ಲಿ ಶುರು ಮಾಡಿತು, ಆಮೇಲೆ ಶಿಕಾಗೊ, ನ್ಯೂಯಾರ್ಕ್, ಡಲ್ಲಾಸ್, ಹ್ಯೂಸ್ಟನ್ ಎಲ್ಲ ಕಡೆ ಬಂತು. ಸಣ್ಣ ಊರುಗಳಲ್ಲಿ ಸಿಟಿ ಹಾಲ್‌ನ ನಂಬರಿಗೇ ಮಾಡಬೇಕು. ಆ್ಯಪ್ ಇದ್ದರೆ ಅದು ಇನ್ನೂ ಒಳ್ಳೆಯದು, ಫೋಟೋ ಸೇರಿಸಬಹುದು. ಗ್ಯಾಸ್ ವಾಸನೆ, ಬೆಂಕಿ, ಪ್ರಾಣಾಪಾಯ ಅಂದರೆ ಮಾತ್ರ 911. ಗ್ಯಾಸ್ ವಾಸನೆ ಬಂದರೆ ಮೊದಲು ಮನೆಯಿಂದ ಹೊರಗೆ ಬನ್ನಿ, ಹೊರಗಿನಿಂದ ಫೋನ್ ಮಾಡಿ.

ದೂರಿನಲ್ಲಿ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. "ಪಕ್ಕದವರು ಗಲೀಜು ಜನ" ಅಂದರೆ ಯಾರೂ ಏನೂ ಮಾಡಲಾರರು. "ಇಂಥ ವಿಳಾಸದ ಹಿತ್ತಲಲ್ಲಿ ಈಜುಕೊಳದ ನೀರು ಹಸಿರಾಗಿ ನಿಂತಿದೆ, ಸೊಳ್ಳೆ ಇದೆ, ಮೂರು ವಾರದಿಂದ ಹೀಗೇ ಇದೆ" ಅಂದರೆ ಇನ್ಸ್‌ಪೆಕ್ಟರಿಗೆ ಕೆಲಸ ಸುಲಭ. ಫೋಟೋ ನಿಮ್ಮ ಜಾಗದಿಂದ ಅಥವಾ ಬೀದಿಯಿಂದ ತೆಗೆಯಿರಿ, ಅವರ ಅಂಗಳಕ್ಕೆ ಕಾಲಿಡಬೇಡಿ. ದೂರಿಗೆ ಕೊಟ್ಟ ಕೇಸ್ ನಂಬರ್ ಬರೆದಿಟ್ಟುಕೊಳ್ಳಿ. ಹಲವು ಊರುಗಳಲ್ಲಿ ಹೆಸರು ಹೇಳದೆ ದೂರು ಕೊಡಬಹುದು. ಫ್ಲೋರಿಡಾದಲ್ಲಿ 2021ರ ಜುಲೈಯಿಂದ ಹೆಸರು, ವಿಳಾಸ ಇಲ್ಲದ ದೂರನ್ನು ತಕ್ಷಣದ ಅಪಾಯ ಇದ್ದರೆ ಮಾತ್ರ ತನಿಖೆ ಮಾಡುತ್ತಾರೆ.

ನಮ್ಮಲ್ಲಿ ಗಟಾರ ಕಟ್ಟಿಕೊಂಡರೆ ವಾರ್ಡಿನ ಸದಸ್ಯರಿಗೆ ಫೋನ್ ಹೋಗುತ್ತದೆ, ಅಲ್ವಾ? ಅಲ್ಲಿಯೂ ಕೌನ್ಸಿಲ್ ಸದಸ್ಯರಿದ್ದಾರೆ. ವಾರಗಟ್ಟಲೆ ಕೇಸ್ ಅಲುಗಾಡದಿದ್ದರೆ ಅವರ ಕಚೇರಿಗೆ ಕೇಸ್ ನಂಬರ್ ಸಮೇತ ಮೇಲ್ ಮಾಡಿ. ನಂಬರ್ ಇಲ್ಲದೆ ಕೇಳಿದರೆ ಮತ್ತೆ 311ಕ್ಕೇ ಕಳಿಸುತ್ತಾರೆ.

ಪಕ್ಕದ ಮನೆಯವರ ವಿಷಯವಾದರೆ, ಹೆದರಿಕೆ ಇಲ್ಲದಿದ್ದರೆ, ಮೊದಲು ಬಾಗಿಲು ತಟ್ಟಿ ಮಾತಾಡಿ. ವಯಸ್ಸಾದವರು ಒಬ್ಬರೇ ಇರಬಹುದು, ಕಾಯಿಲೆ ಇರಬಹುದು. ಹುಲ್ಲಿನ ಯಂತ್ರ ನಿಮ್ಮಲ್ಲಿದ್ದರೆ ಅವರದ್ದನ್ನೂ ಒಮ್ಮೆ ಹೊಡೆದುಕೊಟ್ಟರೆ ಕೇಸೇ ಬೇಕಾಗುವುದಿಲ್ಲ. ಹಗೆಗಾಗಿ ದೂರು ಕೊಡುವವರಿದ್ದಾರೆ. ನಮ್ಮವರು ಆ ದಾರಿ ಹಿಡಿದದ್ದು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ದಂಡ ಕಟ್ಟಲಾಗದ ಮನೆಗೆ ಅದು ದೊಡ್ಡ ಹೊಡೆತ.

ಮನೆ ಹುಡುಕುತ್ತಿರುವವರಿಗೆ ಇನ್ನೊಂದು. ದೊಡ್ಡ ಊರುಗಳಲ್ಲಿ ಹಳೆಯ ಉಲ್ಲಂಘನೆಗಳನ್ನು ವಿಳಾಸ ಹಾಕಿ ಯಾರೂ ನೋಡಬಹುದು. ನ್ಯೂಯಾರ್ಕ್‌ನಲ್ಲಿ ವಸತಿ ಇಲಾಖೆಯವರು ಪ್ರತಿ ಕಟ್ಟಡದ ಉಲ್ಲಂಘನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಇಟ್ಟಿದ್ದಾರೆ. ಸಿ ಅಂದರೆ ತಕ್ಷಣದ ಅಪಾಯ. ಕುಮಟೆಯಲ್ಲಿ ಕೂತೇ ಇದನ್ನು ನೋಡಬಹುದು. ಚಳಿಗಾಲದ ಹೀಟರ್ ದೂರುಗಳು ವರ್ಷ ವರ್ಷ ಬಂದಿದ್ದರೆ, ಸಿ ಸಾಲುಗಳು ಮುಚ್ಚದೆ ಉಳಿದಿದ್ದರೆ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಆ ಕಟ್ಟಡಕ್ಕೆ ಅಡ್ವಾನ್ಸ್ ಕಳಿಸಬೇಡಿ.