ಎರಡೇ ಎಲೆ ಸ್ಟಾಂಪಲ್ಲಿ ಶರತ್ಕಾಲದ ಗ್ರೀಟಿಂಗ್ ಕಾರ್ಡ್ ಮಾಡೋದು ಹೇಗೆ

ರಬ್ಬರ್ ಸ್ಟಾಂಪ್ ಇಟ್ಕೊಂಡು ಕಾರ್ಡ್ ಮಾಡ್ಬೇಕು ಅಂತ ಆಸೆ ಹುಟ್ಟಿದ ತಕ್ಷಣ ಎಲ್ಲರೂ ಮಾಡೋ ಮೊದಲನೇ ಕೆಲಸ ಅಂದ್ರೆ ಹತ್ತಿಪ್ಪತ್ತು ಸ್ಟಾಂಪ್ ತಗೊಂಡ್ಬಿಡೋದು, ನಾನೂ ಹಾಗೇ ಮಾಡಿದ್ದೆ. ಈಗ ಯಾರಾದ್ರೂ ಕೇಳಿದ್ರೆ ಹೇಳೋದು ಇಷ್ಟೇ, ಒಂದು ದೊಡ್ಡ ಎಲೆ, ಒಂದು ಚಿಕ್ಕ ಎಲೆ, ಶುಭಾಶಯದ ಒಂದು ಸಾಲು, ಈ ಮೂರು ಸ್ಟಾಂಪ್ ಸಾಕು, ಉಳಿದ ಗಮನ ಎಲ್ಲಾ ಇಂಕ್ ಮೇಲಿರ್ಲಿ. ಯಾಕಂದ್ರೆ ಉದುರಿದ ಹಣ್ಣೆಲೆ ಒಂದನ್ನ ಕೈಗೆ ತಗೊಂಡು ನೋಡಿ, ನರದ ಪಕ್ಕ ಇನ್ನೂ ಸ್ವಲ್ಪ ಹಸಿರು ಉಳ್ಕೊಂಡಿರುತ್ತೆ, ಅದರಾಚೆ ಹಳದಿ, ಅಂಚಿಗೆ ಹೋಗ್ತಾ ಹೋಗ್ತಾ ಕೆಂಪು, ತುದಿ ಒಣಗಿ ಕಂದು. ಹಸಿರು ಕೊಡೋ ಕ್ಲೋರೋಫಿಲ್ ಕಮ್ಮಿ ಆಗ್ತಿದ್ದಂಗೆ ಅಲ್ಲೀವರೆಗೂ ಅದರ ಮರೆಯಲ್ಲಿದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ, ಕೇಸರಿ ಕಾಣ್ಸುತ್ತೆ, ಕೆಲವು ಮರಗಳಲ್ಲಿ ಆಂಥೋಸಯಾನಿನ್ ಹೊಸದಾಗಿ ಹುಟ್ಟಿ ಕೆಂಪು ಬರುತ್ತೆ, ಆದ್ರೆ ಇದು ಇಡೀ ಎಲೆಗೆ ಒಂದೇ ಸಲ ಆಗಲ್ಲ. ಹಾಗಾಗಿ ಬರೀ ಕೇಸರಿ ಪ್ಯಾಡಿಗೆ ಒತ್ತಿ ಅಚ್ಚು ಹಾಕಿದ ಎಲೆ ಎಷ್ಟೇ ನೀಟಾಗಿ ಬಂದ್ರೂ ಜೀವ ಇಲ್ಲದಂಗೆ ಕಾಣುತ್ತೆ.

ಮೊದಲು ಪೇಪರ್ ವಿಷ್ಯ ಮುಗಿಸ್ಬಿಡ್ತೀನಿ. ಕಾರ್ಡಿಗೆ 250ರಿಂದ 300 ಜಿಎಸ್ಎಮ್ ದಪ್ಪದ, ನುಣುಪಾದ ಆದ್ರೆ ಹೊಳಪಿಲ್ಲದ ಶೀಟ್ ತಗೊಳ್ಳಿ, ಬಿಳಿಗಿಂತ ಕೆನೆ ಬಣ್ಣದ್ದು ಈ ಬಣ್ಣಗಳಿಗೆ ಚೆನ್ನಾಗಿ ಹೊಂದುತ್ತೆ. ಎ4 ಶೀಟನ್ನ ಅಡ್ಡಕ್ಕೆ ಎರಡು ಭಾಗ ಮಾಡಿ, ಪ್ರತಿ ಭಾಗನ ನಡುವೆ ಮಡಚಿದ್ರೆ 105 × 148 ಮಿಲಿಮೀಟರಿನ ಕಾರ್ಡ್ ಆಗುತ್ತೆ, ಇದು ಸಿ6 ಕವರಲ್ಲಿ ಸರಿಯಾಗಿ ಕೂರುತ್ತೆ. ದಪ್ಪ ಪೇಪರನ್ನ ಹಾಗೇ ಮಡಚಿದ್ರೆ ಮಡಿಕೆ ಬಿರುಕು ಬಿಡುತ್ತೆ, ಅದಕ್ಕೆ ಸ್ಕೇಲ್ ಇಟ್ಟು ಇಂಕ್ ಖಾಲಿಯಾದ ಬಾಲ್ ಪೆನ್ನಲ್ಲಿ ಒಂದು ಗೆರೆ ಒತ್ತಿ ಎಳೀರಿ, ಹಿಂದೆ ಉಬ್ಬಿ ಬಂದಿರೋ ಬದಿ ಒಳಗಡೆ ಬರೋ ಹಾಗೆ ಮಡಚಿ. ಇನ್ನೊಂದು, ಅಚ್ಚನ್ನ ಕಾರ್ಡ್ ಮೇಲೇ ಹಾಕ್ಬೇಡಿ, 95 × 138 ಮಿಲಿಮೀಟರಿನ ಬೇರೆ ತುಂಡು ಕತ್ತರಿಸ್ಕೊಂಡು ಅದರ ಮೇಲೆ ಹಾಕಿ ಆಮೇಲೆ ಅಂಟಿಸಿ, ಕೆಟ್ಟೋದ್ರೆ ತುಂಡು ಮಾತ್ರ ಹೋಗುತ್ತೆ ಕಾರ್ಡ್ ಉಳಿಯುತ್ತೆ, ಸುತ್ತ ಐದು ಮಿಲಿಮೀಟರ್ ಅಂಚು ಬೇರೆ ಚೌಕಟ್ಟು ಹಾಕಿದಂಗೆ ಕಾಣುತ್ತೆ.

ಇಂಕಲ್ಲಿ ಎರಡು ಜಾತಿ ಗೊತ್ತಿದ್ರೆ ಸಾಕು. ಡೈ ಇಂಕ್ ನೀರಿನಂಗೆ ತೆಳು, ಪೇಪರ್ ಹೀರ್ಕೊಳ್ಳುತ್ತೆ, ಬೇಗ ಒಣಗುತ್ತೆ, ಒಂದು ಬಣ್ಣದ ಮೇಲೆ ಇನ್ನೊಂದು ಹಾಕಿದ್ರೆ ಕೆಳಗಿಂದು ಕಾಣುತ್ತೆ. ಪಿಗ್ಮೆಂಟ್ ಇಂಕ್ ಗಟ್ಟಿ, ಪೇಪರಿನ ಮೇಲ್ಗಡೆ ಕೂತ್ಕೊಳ್ಳುತ್ತೆ, ಬಣ್ಣ ದಟ್ಟ ಆದ್ರೆ ಒಣಗೋಕೆ ತುಂಬಾ ಹೊತ್ತು ಬೇಕು. ಎಲೆಗಳಿಗೆ ನಾನು ಡೈ ಇಂಕನ್ನೇ ಬಳಸೋದು, ಕಡು ಬಣ್ಣದ ಶೀಟ್ ಮೇಲೆ ತಿಳಿ ಬಣ್ಣ ಎದ್ದು ಕಾಣ್ಬೇಕು ಅಂದ್ರೆ ಮಾತ್ರ ಪಿಗ್ಮೆಂಟ್. ಒಂದ್ಸಲ ಹೊಳಪಿನ ಪೇಪರ್ ಮೇಲೆ ಪಿಗ್ಮೆಂಟಲ್ಲಿ ಹನ್ನೆರಡು ಕಾರ್ಡ್ ಮಾಡಿ ಮಾರನೇ ದಿನ ಕವರಿಗೆ ಹಾಕಿದ್ದೆ, ಒಂದು ತೆಗೆದು ನೋಡಿದ್ರೆ ಎಲೆ ಅರ್ಧ ಕಾರ್ಡಲ್ಲಿ ಅರ್ಧ ಕವರೊಳಗೆ, ಅಷ್ಟೂ ಹಾಳು. ಹೊಳಪಿನ ಪೇಪರ್ ಆ ಇಂಕನ್ನ ಹೀರ್ಕೊಳ್ಳೋದೇ ಇಲ್ಲ ಅನ್ನೋದು ಆವಾಗ ಗೊತ್ತಿರ್ಲಿಲ್ಲ. ಬಣ್ಣ ಎಷ್ಟು ಬೇಕು ಅಂದ್ರೆ ಸಾಸಿವೆ ಹಳದಿ, ತುಕ್ಕಿನ ಬಣ್ಣದ ಕೇಸರಿ, ಕಡು ಕೆಂಪು, ಕಂದು, ಒಂದು ಮಾಸಲು ಹಸಿರು, ಐದೇ. ಕೆಂಪೂ ಹಸಿರೂ ನೇರವಾಗಿ ಒಂದರ ಮೇಲೊಂದು ಬಿದ್ರೆ ಕೆಸರಾಗುತ್ತೆ, ಎರಡರ ಮಧ್ಯೆ ಯಾವಾಗ್ಲೂ ಹಳದಿ ಬರೋ ಹಾಗೆ ನೋಡ್ಕೊಳ್ಳಿ.

ಹೊಸ ಸ್ಟಾಂಪ್ ಮೇಲೆ ಇಂಕ್ ಸರಿಯಾಗಿ ಹರಡ್ದೆ ಹನಿ ಹನಿಯಾಗಿ ನಿಂತ್ರೆ ಗಾಬರಿ ಬೇಡ, ಬಿಳಿ ಎರೇಸರಲ್ಲಿ ಮೇಲ್ಮೈನ ಹಗುರವಾಗಿ ಉಜ್ಜಿ, ಆ ಜಿಡ್ಡಿನ ಪೊರೆ ಹೋದ್ಮೇಲೆ ಸರಿ ಆಗುತ್ತೆ. ಪಾರದರ್ಶಕವಾಗಿರೋ ಪಾಲಿಮರ್ ಸ್ಟಾಂಪ್ ಆದ್ರೆ ಅದನ್ನ ಅಕ್ರಿಲಿಕ್ ಬ್ಲಾಕಿಗೆ ಅಂಟಿಸ್ಕೊಂಡು ಒತ್ತಬೇಕು, ಎಲ್ಲಿ ಬೀಳುತ್ತೆ ಅಂತ ಬ್ಲಾಕ್ ಮೂಲಕ ಕಾಣೋದ್ರಿಂದ ಹೊಸಬರಿಗೆ ಇದೇ ಸುಲಭ. ಮರದ ಹಿಡಿಯಿರೋ ಕೆಂಪು ರಬ್ಬರಿಂದು ಸಣ್ಣ ಗೆರೆನೂ ಚೂಪಾಗಿ ಮೂಡಿಸುತ್ತೆ, ನನಗೆ ಅದೇ ಇಷ್ಟ.

ಈಗ ಮುಖ್ಯವಾದ್ದು. ಸ್ಟಾಂಪನ್ನ ಪ್ಯಾಡಿಗೆ ಗುದ್ದಬೇಡಿ. ಸ್ಟಾಂಪ್ ಮುಖ ಮೇಲೆ ಮಾಡಿ ಕೈಯಲ್ಲಿ ಹಿಡ್ಕೊಂಡು ಪ್ಯಾಡನ್ನೇ ಅದರ ಮೇಲೆ ತಟ್ಟಿ, ಹಗುರವಾಗಿ, ನಾಲ್ಕೈದು ಸಲ, ಬೆಳಕಿಗೆ ಓರೆ ಮಾಡಿದ್ರೆ ಎಲ್ಲಾ ಕಡೆ ಒಂದೇ ಸಮ ತೇವದ ಮಿನುಗು ಕಾಣ್ಬೇಕು. ಮೊದಲು ಪೂರ್ತಿ ಎಲೆಗೆ ಹಳದಿ ತಟ್ಟಿ. ಆಮೇಲೆ ಸ್ಟಾಂಪನ್ನ ಓರೆಯಾಗಿ ಹಿಡ್ದು ಅದರ ಅಂಚು ಮಾತ್ರ ತುಕ್ಕಿನ ಬಣ್ಣದ ಪ್ಯಾಡಿಗೆ ತಾಗೋ ಹಾಗೆ ಸುತ್ತ ಹೊರಳಿಸ್ಕೊಂಡು ಬನ್ನಿ, ನಡುಭಾಗ ತಾಗ್ಬಾರ್ದು. ಕೆಂಪು ಬೇಕಂದ್ರೆ ಎಲೆಯ ಒಂದೇ ಒಂದು ಮಗ್ಗುಲಿಗೆ ಬೆರಳ ತುದಿಯಲ್ಲೋ ಸ್ಪಂಜಿನ ಚೂರಲ್ಲೋ ಮುಟ್ಸಿ, ಎರಡೂ ಕಡೆ ಒಂದೇ ಥರ ಮಾಡೋಕೆ ಹೋಗ್ಬೇಡಿ. ಇಷ್ಟು ಮಾಡೋ ಹೊತ್ತಿಗೆ ಮೊದಲು ಹಾಕಿದ ಹಳದಿ ಒಣಗೋಕೆ ಶುರುವಾಗಿರುತ್ತೆ, ಆವಾಗ ಕನ್ನಡಿ ಒರೆಸೋಕೆ ಮುಂಚೆ ಹಾ ಅಂತ ಉಸಿರು ಬಿಡ್ತೀವಲ್ಲ, ಹಾಗೆ ಸ್ಟಾಂಪ್ ಮೇಲೆ ಎರಡು ಸಲ ಉಸಿರು ಬಿಡಿ, ಆ ಪಸೆಗೆ ಡೈ ಇಂಕ್ ಮತ್ತೆ ಎಚ್ಚರಗೊಳ್ಳುತ್ತೆ, ಎರಡು ಬಣ್ಣ ಸೇರೋ ಜಾಗದ ಗಡಸು ಗೆರೆ ಕರಗಿ ಒಂದಕ್ಕೊಂದು ಬೆರೆಯುತ್ತೆ. ಯಾವಾಗ್ಲೂ ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ, ಮತ್ತೆ ಹಳದಿ ಪ್ಯಾಡಿಗೆ ಹೋಗೋಕೆ ಮುಂಚೆ ಸ್ಟಾಂಪ್ ಒರೆಸ್ಲೇಬೇಕು, ಇಲ್ದಿದ್ರೆ ಪ್ಯಾಡಲ್ಲಿ ಕಂದು ಕಲೆ ಉಳಿದು ಹಳದಿ ಹಳದಿಯಾಗೇ ಬರಲ್ಲ.

ಒತ್ತೋವಾಗ ಪೇಪರ್ ಕೆಳಗೆ ತೆಳು ಫೋಮ್ ಶೀಟೋ ಹಳೇ ಮೌಸ್ ಪ್ಯಾಡೋ ಇಡಿ. ಸ್ಟಾಂಪನ್ನ ನೇರವಾಗಿ ಇಳಿಸಿ, ಅಲುಗಾಡಿಸ್ದೆ ಒತ್ತಿ, ಮೂರು ಎಣಿಸಿ, ನೇರವಾಗಿ ಎತ್ತಿ. ಇಂಕ್ ಎಲ್ಲಾ ಕಡೆ ಬರ್ಲಿ ಅಂತ ಆಕಡೆ ಈಕಡೆ ತೂಗಿದ್ರೆ ಅಂಚಿನ ರಬ್ಬರ್ ತಾಗಿ ಎಲೆಯ ಸುತ್ತ ಬೇಡದ ಗೆರೆ ಬೀಳುತ್ತೆ.

ಎತ್ತಿದ ಮೇಲೆ ಸ್ಟಾಂಪಲ್ಲಿ ಇನ್ನೂ ಸ್ವಲ್ಪ ಇಂಕ್ ಉಳಿದಿರುತ್ತೆ ನೋಡಿ, ಅದನ್ನ ಒರೆಸಿ ಎಸೀಬೇಡಿ, ಮತ್ತೆ ಇಂಕ್ ಹಚ್ಚದೆ ಹಾಗೇ ಪಕ್ಕದಲ್ಲಿ ಇನ್ನೊಂದು ಸಲ ಒತ್ತಿ. ಎರಡನೇ ಅಚ್ಚು ಮಸುಕಾಗಿ ಬರುತ್ತೆ, ಮೂರನೇದು ಇನ್ನೂ ಮಸುಕು. ಮಸುಕಾದ್ದು ಕಣ್ಣಿಗೆ ದೂರದಲ್ಲಿರೋ ಹಾಗೆ ಕಾಣುತ್ತೆ, ದಟ್ಟವಾದ್ದು ಹತ್ತಿರ, ಒಂದೇ ಸ್ಟಾಂಪಲ್ಲಿ ಗಾಳಿಗೆ ಉದುರ್ತಿರೋ ಎಲೆಗಳ ಸಾಲು ಸಿಕ್ಬಿಡುತ್ತೆ. ನಾನು ಮೊದಲು ಮಸುಕು ಎಲೆಗಳನ್ನ ಚೆಲ್ಲಾಪಿಲ್ಲಿಯಾಗಿ ಹಾಕ್ತೀನಿ, ಅದಕ್ಕೆ ಮೊದಲ ಒತ್ತು ರಫ್ ಪೇಪರಿಗೆ, ಎರಡನೇ ಒತ್ತು ಕಾರ್ಡಿನ ತುಂಡಿಗೆ, ಪ್ರತಿ ಸಲ ಸ್ಟಾಂಪನ್ನ ಬೇರೆ ಕೋನಕ್ಕೆ ತಿರುಗಿಸಿ, ಒಂದೆರಡು ಎಲೆ ಅಂಚಿನಾಚೆ ಅರ್ಧ ಹೋಗೋ ಹಾಗೆ. ಅದು ಒಣಗಿದ ಮೇಲೆ ದಟ್ಟ ಎಲೆ ಮೂರೇ ಮೂರು, ಅದನ್ನೂ ಒಂದು ಮೂಲೆಯಿಂದ ಕೆಳಗಿಳೀತಿರೋ ಹಾಗೆ. ಎಲೆ ತುಂಬ್ಕೊಂಡ್ಬಿಟ್ರೆ ಗಿಫ್ಟ್ ಪೇಪರ್ ಥರ ಆಗುತ್ತೆ, ಖಾಲಿ ಜಾಗ ಬಿಡಿ.

ಒಂದು ಎಲೆಯ ಹಿಂದಿಂದ ಇನ್ನೊಂದು ಇಣುಕ್ತಿರ್ಬೇಕು ಅಂದ್ರೆ ಹಿಂದೆ ಅಂಟು ಇರೋ ಚೀಟಿ ಪೇಪರ್ ಮೇಲೆ ಅದೇ ಎಲೆ ಅಚ್ಚು ಹಾಕಿ, ಗೆರೆಯ ಒಂಚೂರು ಒಳಗೇ ಕತ್ತರಿಸಿ, ಕಾರ್ಡ್ ಮೇಲಿರೋ ಎಲೆಗೆ ಅದನ್ನ ಮುಚ್ಚಿ, ಮೇಲೆ ಇನ್ನೊಂದು ಎಲೆ ಒತ್ತಿ ಚೀಟಿ ಕಿತ್ತು ನೋಡಿ. ಮುಂದಿರ್ಬೇಕಾದ ಎಲೆನೇ ಮೊದಲು ಹಾಕ್ಬೇಕು, ಇದೊಂದು ಮಾತ್ರ ಉಲ್ಟಾ ಅನ್ಸುತ್ತೆ.

ಸ್ಟಾಂಪೇ ಇಲ್ಲ ಅಂದ್ರೂ ಪರ್ವಾಗಿಲ್ಲ, ನಿಜವಾದ ಎಲೆನೇ ಸ್ಟಾಂಪ್. ಪೂರ್ತಿ ಒಣಗಿ ಪುಡಿಯಾಗೋ ಎಲೆ ಬೇಡ, ಬಿದ್ದು ಇನ್ನೂ ಮೆತ್ತಗಿರೋದನ್ನ ಒಂದು ರಾತ್ರಿ ದಪ್ಪ ಪುಸ್ತಕದೊಳಗೆ ಇಟ್ಟು ಚಪ್ಪಟೆ ಮಾಡ್ಕೊಳ್ಳಿ. ನರ ಉಬ್ಬಿರೋದು ಎಲೆಯ ಬೆನ್ನಲ್ಲಿ, ಹಾಗಾಗಿ ಇಂಕ್ ಆ ಬದಿಗೆ ತಟ್ಟಿ, ಇಂಕಿನ ಬದಿ ಕೆಳಗೆ ಮಾಡಿ ಪೇಪರ್ ಮೇಲೆ ಇಟ್ಟು, ಮೇಲೊಂದು ರಫ್ ಪೇಪರ್ ಮುಚ್ಚಿ, ಒಂದು ಕೈಯಲ್ಲಿ ಅದುಮಿ ಹಿಡ್ದು ಇನ್ನೊಂದು ಕೈ ಬೆರಳಲ್ಲಿ ನರದ ಉದ್ದಕ್ಕೂ ಸವರ್ಕೊಂಡು ಹೋಗಿ. ತೊಟ್ಟು ಹಿಡ್ದು ಎತ್ತಿದಾಗ ಕೂದಲೆಳೆಯಂಥ ನರವೂ ಮೂಡಿರುತ್ತೆ, ಅಂಗಡಿ ಸ್ಟಾಂಪಲ್ಲಿ ಅಷ್ಟು ಸೂಕ್ಷ್ಮ ನಾನು ಕಂಡಿಲ್ಲ. ಒಂದೊಂದು ಎಲೆ ನಾಲ್ಕೈದು ಅಚ್ಚಿಗೆ ಬರುತ್ತೆ, ಆಮೇಲೆ ಹರಿಯುತ್ತೆ.

ಶುಭಾಶಯದ ಸಾಲು ಹೆಚ್ಚು ಕಾರ್ಡ್ ಕೆಡಿಸೋ ಜಾಗ. ಅದನ್ನ ಸಣ್ಣ ಪಟ್ಟಿ ಮೇಲೆ ಬೇರೆಯಾಗಿ ಕಂದು ಇಂಕಲ್ಲಿ ಹಾಕಿ, ನೆಟ್ಟಗೆ ಬಂದಿದ್ದನ್ನ ಆರಿಸಿ ಅಂಟಿಸಿ. ಕಪ್ಪು ಈ ಬಣ್ಣಗಳ ಪಕ್ಕ ಒರಟಾಗಿ ಕಾಣುತ್ತೆ. ಅಕ್ಷರ ಉಬ್ಬಿ ಹೊಳೀಬೇಕು ಅಂದ್ರೆ ಪಿಗ್ಮೆಂಟ್ ಇಂಕಲ್ಲಿ ಒತ್ತಿ, ಹಸಿ ಇರೋವಾಗ್ಲೇ ತಾಮ್ರದ ಬಣ್ಣದ ಎಂಬಾಸಿಂಗ್ ಪೌಡರ್ ಸುರಿದು, ಉಳಿದದ್ದನ್ನ ಕೊಡವಿ ಡಬ್ಬಿಗೆ ವಾಪಸ್ ಹಾಕಿ, ಹೀಟ್ ಗನ್ ಹಿಡೀರಿ, ಪುಡಿ ಕರಗಿ ಮಿಂಚಿದ ಕ್ಷಣ ಗನ್ ಸರಿಸ್ಬಿಡಿ. ಪುಡಿ ಬೇಡದ ಕಡೆ ಅಂಟದೇ ಇರೋಕೆ ಮೊದಲೇ ಪೇಪರಿಗೆ ಒಂಚೂರು ಟಾಲ್ಕಂ ಪೌಡರ್ ಸವರಿ. ಕೂದಲು ಒಣಗಿಸೋ ಡ್ರೈಯರ್ ಇದಕ್ಕಾಗಲ್ಲ, ಕರಗೋಕೆ ಮುಂಚೆ ಪುಡಿ ಹಾರಿಹೋಗುತ್ತೆ.

ಕೆಲಸ ಮುಗಿದ ಕೂಡ್ಲೇ ಒದ್ದೆ ಬಟ್ಟೆಯಲ್ಲಿ ಸ್ಟಾಂಪ್ ಒರೆಸಿ, ಗೆರೆಗಳೊಳಗೆ ಒಣಗಿದ್ದಿದ್ರೆ ಹಳೇ ಮೆತ್ತನೆ ಟೂತ್ ಬ್ರಶ್. ಸ್ಪಿರಿಟ್, ಆಲ್ಕೋಹಾಲ್ ಮುಟ್ಟಿಸ್ಬೇಡಿ, ರಬ್ಬರ್ ಒಣಗಿ ಬಿರುಕು ಬಿಡುತ್ತೆ. ಬಿಸಿಲು ಬೀಳದ ಕಡೆ ಇಡಿ, ಫೆಲ್ಟಿನ ಡೈ ಪ್ಯಾಡ್‌ಗಳನ್ನ ಮಗುಚಿ ಇಟ್ರೆ ಇಂಕ್ ಮೇಲ್ಮೈಯಲ್ಲೇ ಇರುತ್ತೆ. ಕಾರ್ಡನ್ನ ಕವರಿಗೆ ಹಾಕೋಕೆ ಮುಂಚೆ ಅಚ್ಚಿನ ಒಂದು ಮೂಲೆಗೆ ಟಿಶ್ಯೂ ಒತ್ತಿ ನೋಡಿ, ಬಣ್ಣ ಅಂಟಿದ್ರೆ ಇನ್ನೊಂದು ದಿನ ತೆರೆದೇ ಇಡಿ.